ಶ್ಮುಲ್ಕನ ಮೂಗು ಸವೆದದ್ದು

ಫೆಬ್ರವರಿ 4, 2019, ಸೋಮವಾರ

ನಿವೃತ್ತಿಯಾಗಿ ನಾಲ್ಕು ವರ್ಷ ನೆಮ್ಮದಿಯಾಗಿದ್ದೆ. ಇವತ್ತು ಮತ್ತೆ ಸ್ಟುಡಿಯೊಗೆ ಹೋಗಿ ಬಂದೆ. ಬಂದವಳೇ ಕೈ ತೊಳೆದುಕೊಂಡೆ, ಎರಡು ಸಲ. ನಿರ್ದೇಶಕ ಗ್ಲೆಬ್ ನನ್ನ ಎರಡೂ ಕೈ ಹಿಡಿದು "ಬಂಗಾರದ ಕೈ, ಬಂಗಾರದ ಕೈ" ಎನ್ನುತ್ತಾ ಬಿಡಲೇ ಇಲ್ಲ. ಪೀಟರ್ಸ್‌ಬರ್ಗಿನ ಬೀದಿಗಳಲ್ಲಿ ಉಪ್ಪು ಬೆರೆತ ಕೆಸರುಹಿಮ ಕಾಲು ಮುಳುಗುವಷ್ಟಿದೆ, ಈ ಮನುಷ್ಯ ಕಾಲುಚೀಲವಿಲ್ಲದೆ ಬೂಟು ಹಾಕುತ್ತಾನೆ. ಫ್ಯಾಷನ್ನಂತೆ. ನೀಲಿಗಟ್ಟಿದ ಆ ಕಣಕಾಲು ನೋಡಿಯೇ ನನಗೆ ಅರ್ಧ ವಾಕರಿಕೆ ಬಂತು.

ಉಳಿದರ್ಧ ಅವನ ಮಾತಿನಿಂದ ಬಂತು. "ಜೌಗುನೆಲ" ಕಾದಂಬರಿಯನ್ನು ಎಂಟು ಕಂತಿನ ಧಾರಾವಾಹಿ ಮಾಡುತ್ತಿದ್ದಾನಂತೆ. ನೂರೈವತ್ತು ವರ್ಷ ಹಳೆಯ ಕಾದಂಬರಿ, ಒಂಬತ್ತನೇ ತರಗತಿಯಲ್ಲಿ ಮಕ್ಕಳೆಲ್ಲ ಓದಲೇಬೇಕಾದದ್ದು. ಅದರಲ್ಲಿ ಮೂರು ಪುಟಕ್ಕೆ ಒಬ್ಬ ಯಹೂದಿ ಬರುತ್ತಾನೆ, ಹೆದ್ದಾರಿ ಬದಿಯಲ್ಲಿ ಛತ್ರ ನಡೆಸುವ ಶ್ಮುಲ್ಕ. ಬಗ್ಗುತ್ತಾನೆ, ಕೈ ಹೊಸೆಯುತ್ತಾನೆ, ತಪ್ಪಿಸಿಕೊಂಡು ಬಂದ ಬಡ ವಿದ್ಯಾರ್ಥಿಯನ್ನು ಬಚ್ಚಿಟ್ಟುಕೊಂಡು ಆಮೇಲೆ ಪೊಲೀಸರಿಗೆ ಹಿಡಿದುಕೊಡುತ್ತಾನೆ. "ಅವನಿಗಿಂತ ಮೊದಲು ಅವನ ಮೂಗು ಒಳಗೆ ಬಂತು" ಎಂದು ಮಹಾನುಭಾವ ಕಾದಂಬರಿಕಾರ ಬರೆದಿದ್ದಾನೆ. ನಮ್ಮ ತರಗತಿಯಲ್ಲಿ ಈ ವಾಕ್ಯ ಓದಿದಾಗ ಮೂವತ್ತು ತಲೆಗಳು ನನ್ನ ಕಡೆ ತಿರುಗಿದ್ದವು.

"ಸಿಲಿಕೋನ್ ಮೂಗು ಬೇಡ, ನಿನೆಲ್ ಅರ್ಕಾದ್ಯೆವ್ನಾ," ಅಂದ ಗ್ಲೆಬ್. "ಅದು ಹೆಣದ ಮೂಗಿನ ತರ ಕಾಣ್ಸುತ್ತೆ. ನಂಗೆ ಹಳೇ ಕಾಲದ ಮೇಣದ ಮೂಗೇ ಬೇಕು. ದಿನಾ ಬೆಳಿಗ್ಗೆ ಕೈಯಲ್ಲೇ ಮಾಡ್ಬೇಕು, ಅಚ್ಚುಗಿಚ್ಚು ಏನೂ ಬೇಡ. ಆ ಕೆಲ್ಸ ಗೊತ್ತಿರೋರು ಈ ಊರಲ್ಲಿ ನೀವೊಬ್ರೇ ಉಳಿದಿರೋದು."

"ಎಷ್ಟು ದೊಡ್ಡದು?"

"ಪುಸ್ತಕದಲ್ಲಿ ಇರೋ ಹಾಗೆ. ಇಂಥ ಕೃತಿಗೆ ನಾವು ದ್ರೋಹ ಮಾಡೋಕಾಗುತ್ತಾ?"

ಒಪ್ಪಿಕೊಂಡೆ. ಯಾಕೆ ಎಂದು ಇಲ್ಲಿ ಬರೆದುಕೊಳ್ಳಲು ನನಗೇನು ನಾಚಿಕೆ? ಕೈ ತುರಿಸುತ್ತಿತ್ತು. ನಾಲ್ಕು ವರ್ಷದಿಂದ ಈ ಕೈ ಆಲೂಗಡ್ಡೆ ಸುಲಿದದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಮೇಲಾಗಿ, ಕೆಲಸ ಚೆನ್ನಾಗಿ ಮುಗಿದರೆ ಶರತ್ಕಾಲಕ್ಕೆ ಸ್ಟುಡಿಯೊದವರು ತೆರೆಯುವ ಮೇಕಪ್ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಕೊಡುತ್ತಾರಂತೆ. ನನ್ನ ಜೊತೆಗೇ ಈ ವಿದ್ಯೆ ಮಣ್ಣಾಗುತ್ತದೆ ಎಂದುಕೊಂಡಿದ್ದೆ. ಆ ಶಾಲೆ ನನಗೆ ಬೇಕು, ಬೇಕೇ ಬೇಕು. ಮೂವತ್ತನಾಲ್ಕು ವರ್ಷ ಜನರಲ್‌ಗಳಿಗೂ ಮಾಟಗಾತಿಯರಿಗೂ ಮೂಗು ಅಂಟಿಸಿದವಳು ನಾನು. ಮೂಗು ಅಂದರೆ ಮೇಣ, ಮೇಣಕ್ಕೆ ಕುಲವಿಲ್ಲ.

ಫೆಬ್ರವರಿ 11, ಸೋಮವಾರ

ನಟ ಬಂದ. ಸೆವಾ ಗುರೇವಿಚ್, ಇಪ್ಪತ್ತೆಂಟು ವರ್ಷ. ನಟ ಅನ್ನುವುದಕ್ಕಿಂತ ಮೈಕ್ ಹಿಡಿದು ಒಬ್ಬನೇ ನಿಂತು ಜನರನ್ನು ನಗಿಸುವವನು. ಮೊಬೈಲಿನಲ್ಲಿ ಲಕ್ಷಾಂತರ ಮಂದಿ ನೋಡುತ್ತಾರಂತೆ. ಏನು ಹೇಳಿ ನಗಿಸುತ್ತಾನೆ? ತನ್ನ ಯಹೂದಿ ಅಜ್ಜಿಯ ಬಗ್ಗೆ. ಅಜ್ಜಿ "ತಿನ್ನೋ, ತಿನ್ನೋ" ಅಂತ ಬೆನ್ನು ಹತ್ತುತ್ತಾಳೆ, ಒಡೆಸ್ಸಾದ ಯಹೂದಿಗಳ ಹಾಗೆ ರಾಗ ಎಳೆಯುತ್ತಾಳೆ. ನಿಜವಾದ ಅಜ್ಜಿ ಉರಲ್ ಕಡೆಯ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದಳಂತೆ, ಮೊಟ್ಟೆ ಬೇಯಿಸಲೂ ಬರುತ್ತಿರಲಿಲ್ಲವಂತೆ. "ಆದ್ರೆ ಅದಕ್ಕೆ ಯಾರು ನಗ್ತಾರೆ ಹೇಳಿ?" ಅಂದ. ಕತ್ತಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಆರು ಮೂಲೆಯ ನಕ್ಷತ್ರ, ಯಹೂದಿಗಳ ಗುರುತು. ನಾನು ಹುಡುಗಿಯಾಗಿದ್ದಾಗ ಉಗುರಿನಷ್ಟು ಚಿಕ್ಕದನ್ನೂ ಯಾರೂ ಹೊರಗೆ ತೋರಿಸುತ್ತಿರಲಿಲ್ಲ. ಥೂ, ಮೂಗಿಗಿಂತ ಮೂಗುತಿ ಭಾರ.

ಮೂಗಂತೂ ಇಲ್ಲವೇ ಇಲ್ಲ. ಸಣ್ಣದು, ಮೊಂಡು, ತುದಿ ಮೇಲಕ್ಕೆದ್ದದ್ದು. ಗ್ಲೆಬ್ ಎಲ್ಲರ ಮುಂದೆ ಜಂಬ ಕೊಚ್ಚಿದ: "ನಿಜವಾದ ಯಹೂದೀನೇ ಹುಡುಕಿ ತಂದಿದೀನಿ. ಇನ್ನು ಯಾವನೂ ತುಟಿ ಬಿಚ್ಚೋ ಹಾಗಿಲ್ಲ." ಆದರೆ ಆ ನಿಜವಾದ ಯಹೂದಿ ಯಹೂದಿಯ ಹಾಗೆ ಕಾಣುವುದಿಲ್ಲವಲ್ಲ, ಅದಕ್ಕೇ ನಾನು.

ಬಿಸಿನೀರಿನಲ್ಲಿ ಮೇಣ ಮೆತ್ತಗಾದಾಗ ಅದರ ವಾಸನೆ ಎದ್ದಿತು. ನಾಲ್ಕು ವರ್ಷದ ಮೇಲೆ ಅದೇ ಸಿಹಿಗೊಳಕು ವಾಸನೆ. ಬೆರಳಿಗೆ ವ್ಯಾಸಲೀನ್ ಸವರಿಕೊಂಡು ನಾದಿದೆ, ಅವನ ಮೂಗಿಗೆ ಅಂಟು ಬಳಿದು ಕೂರಿಸಿದೆ, ಅಂಚು ತೀಡಿದೆ, ಪೌಡರ್ ಹೊಡೆದೆ.

"ನಿನೆಲ್ ಅರ್ಕಾದ್ಯೆವ್ನಾ, ನೀವೂ ನಮ್ಮೋರಾ?" ಅಂತ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕೇಳಿದ.

"ಬಾಯಿ ಮುಚ್ಕೊಂಡು ಕೂತ್ಕೊ. ಮೇಣ ಬಿರಿಯುತ್ತೆ."

ನನ್ನ ಮೂಗು ನೋಡಿದ. ನೇರ, ಸಣ್ಣ, ನೀಟಾದ ಮೂಗು. ನೋಡಿ ಸುಮ್ಮನಾದ. ಯಾರಾದರೂ ಅಷ್ಟೇ, ಸುಮ್ಮನಾಗುತ್ತಾರೆ. ಅಪ್ಪನ ಹೆಸರು ಆರೊನ್. ಆ ಹೆಸರು ಸೇರಿಸಿ ಆರೊನೊವ್ನಾ ಎಂದು ಕರೆಸಿಕೊಳ್ಳಬೇಕಾದವಳು ನಾನು. ಸ್ಟುಡಿಯೊ ಸೇರಿದ ದಿನವೇ ಅವನಿಗೆ ರಷ್ಯನ್ ಹೆಸರಿಟ್ಟು ಅರ್ಕಾದಿ ಮಾಡಿಬಿಟ್ಟೆ. ನಮ್ಮಲ್ಲಿ ಎಷ್ಟೋ ಜನ ಮಾಡಿದ್ದೇ. ಈಗ ನಿಜ ಗೊತ್ತಿರುವುದು ಪಾಸ್‌ಪೋರ್ಟಿಗೆ ಮತ್ತು ಪಿಂಚಣಿ ಕಚೇರಿಗೆ ಮಾತ್ರ.

ಫೆಬ್ರವರಿ 14, ಗುರುವಾರ

"ಇನ್ನೂ ದೊಡ್ಡದು," ಅಂದ ಗ್ಲೆಬ್.

ದೊಡ್ಡದು ಮಾಡಿದೆ.

"ಇನ್ನೂ ಸ್ವಲ್ಪ. ತುದಿ ಕೆಳಕ್ಕೆ ಬಗ್ಲಿ. ತುಟಿಗೆ ತಾಗೋ ಹಾಗೆ."

ತಾಗಿಸಿದೆ. ದೀಪದವರು, ಕ್ಯಾಮೆರಾದವರು, ಚಹಾ ಕೊಡುವ ಹೆಂಗಸು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೆವಾ ಬಗ್ಗಿ ಕೈ ಹೊಸೆದು ತೋರಿಸಿದ, ಇನ್ನೂ ನಕ್ಕರು. ಕೆಲಸ ಮಾತ್ರ ಎಷ್ಟು ಅಚ್ಚುಕಟ್ಟು ಅಂದರೆ, ಅಂಚು ಎಲ್ಲಿದೆ ಎಂದು ಭೂತಗನ್ನಡಿ ಹಿಡಿದರೂ ಸಿಗುವುದಿಲ್ಲ. ಹೆಮ್ಮೆಪಡಬೇಕಿತ್ತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬೀಟ್‌ರೂಟ್ ಸೂಪಿನ ತಟ್ಟೆ ದೂಡಿ ಎದ್ದುಬಂದೆ. ಹೇಸಿಗೆ, ಹೇಸಿಗೆ, ಹೇಸಿಗೆ.

ಫೆಬ್ರವರಿ 17, ಭಾನುವಾರ

ರಿವಾ ಅತ್ತೆಯ ಮನೆಗೆ ಹೋಗಿದ್ದೆ. ಅಪ್ಪನ ತಂಗಿ, ತೊಂಬತ್ತೊಂದು ವರ್ಷ, ನಮ್ಮ ಮನೆತನದಲ್ಲಿ ಈ ಊರಲ್ಲಿ ಉಳಿದಿರುವುದು ಅವಳು ಮತ್ತು ನಾನು. ಎರಡು ಕಣ್ಣೂ ಹೆಚ್ಚುಕಡಿಮೆ ಹೋಗಿವೆ, ನಾಲಿಗೆ ಮಾತ್ರ ಹೊಸ ಬ್ಲೇಡು. ಮೂವತ್ತೆಂಟು ವರ್ಷ ಶಾಲೆಯಲ್ಲಿ ರಷ್ಯನ್ ಸಾಹಿತ್ಯ ಕಲಿಸಿದವಳು. ಬಾಗಿಲು ತೆಗೆದವಳೇ ಎಂದಿನಂತೆ ನನ್ನ ಮುಖ ಸವರಿದಳು. ಹಣೆ, ಕೆನ್ನೆ, ಗಲ್ಲ. ಎಂದಿನಂತೆ ಮೂಗಿನ ಹತ್ತಿರ ಬಂದಾಗ ಬೆರಳು ಹಿಂದಕ್ಕೆ ತೆಗೆದುಕೊಂಡಳು.

ಉಪ್ಪುಮೀನು, ಬೇಯಿಸಿದ ಆಲೂಗಡ್ಡೆ, ಚಹಾ, ಚೆರ್ರಿ ಮುರಬ್ಬ.

"ಈ ವಯಸ್ಸಲ್ಲಿ ಎಂಥಾ ಕೆಲ್ಸ ಹಿಡ್ಕೊಂಡ್ಯೇ?"

"ಮೂಗು ಮಾಡೋದು."

"ಯಾರ್ದು?"

"ಜೌಗುನೆಲದ ಶ್ಮುಲ್ಕಂದು."

ಅತ್ತೆ ಚಮಚ ಕೆಳಗಿಟ್ಟಳು. "ಆ ಮೂರು ಪುಟಾನೂ ಬಿಡ್ಲಿಲ್ವಾ ಅವ್ರು? ನಾನು ಅದನ್ನ ಅಂಟಿಸ್ಬಿಟ್ಟಿದ್ದೆ."

"ಅಂಟಿಸ್ಬಿಟ್ಟಿದ್ದೆ ಅಂದ್ರೆ?"

"ಅಂದ್ರೆ ಅಂಟಿಸಿದ್ದೆ! ಮೈದಾ ಹಿಟ್ಟಿನ ಗಂಜಿ ಕಾಯ್ಸಿ. ನಮ್ಮ ಶಾಲೆ ಲೈಬ್ರರೀಲಿ ನಲವತ್ತು ಪ್ರತಿ ಇತ್ತು. ಒಂದು ಬೇಸಿಗೆ ರಜದಲ್ಲಿ ಒಬ್ಳೇ ಕೂತು ನಲವತ್ರಲ್ಲೂ ಆ ಪುಟಗಳನ್ನ ಒಂದಕ್ಕೊಂದು ಅಂಟಿಸ್ದೆ. ತೇವಕ್ಕೆ ಹತ್ಕೊಂಡಿದೆ ಅಂತ ಎಲ್ರೂ ಅಂದ್ಕೊಂಡ್ರು. ಆ ವಿದ್ಯಾರ್ಥಿ ಹೇಗೆ ಸಿಕ್ಕಿಬಿದ್ದ ಅಂತ ಗೊತ್ತಿಲ್ದೇನೇ ಇಪ್ಪತ್ತು ವರ್ಷ ಕಾಲ ಮಕ್ಕಳು ಪಾಸಾಗಿ ಹೋದ್ರು." ಹಲ್ಲಿಲ್ಲದ ಬಾಯಿ ತೆಗೆದು ನಕ್ಕಳು.

"ಅಷ್ಟು ಅಸಹ್ಯ ಇದ್ರೆ ಆ ಕಾದಂಬರೀನ ಕಲಿಸಿದ್ದಾದ್ರೂ ಯಾಕೆ?"

"ಯಾಕಂದ್ರೆ ಮಿಕ್ಕ ನಾನೂರು ಪುಟ ಚೆನ್ನಾಗಿದೆ ಕಣೇ! ಅದೇ ನೋಡು ಗೋಳು. ಕೆಟ್ಟದಾಗಿ ಬರ್ದಿದ್ರೆ ಎತ್ತಿ ಬಿಸಾಕ್ಬಹುದಿತ್ತು. ಯುದ್ಧದಲ್ಲಿ ಜರ್ಮನ್ನರು ಊರಿಗೆ ಹಾಕಿದ್ದ ದಿಗ್ಬಂಧನದ ಚಳೀಲಿ ಮನೇಲಿದ್ದ ಪುಸ್ತಕ ಎಲ್ಲಾ ಒಲೆಗೆ ಹಾಕಿದ್ವಿ. ಇದೊಂದನ್ನ ಮಾತ್ರ ನಮ್ಮಮ್ಮ ಹಾಕೋಕೆ ಬಿಡ್ಲಿಲ್ಲ. ಕೈಯೆಲ್ಲ ಹೆಪ್ಪುಗಟ್ಟಿ ಹೋಗಿತ್ತು, ಇದನ್ನ ಎದೆಗೆ ಒತ್ಕೊಂಡು ಕೂತಿದ್ಲು. ಅದರೊಳಗಿದ್ದ ಆ ಶ್ಮುಲ್ಕನ ಸಮೇತ."

ಬರುವಾಗ ಟ್ರಾಮಿನಲ್ಲಿ ಕೂತು ನನಗೆ ಅತ್ತೆಯ ಮೇಲೂ ಸಿಟ್ಟು ಬಂತು. ಪುಟ ಅಂಟಿಸುವುದು ಹೇಡಿತನ. ನಮ್ಮವರ ಬುದ್ಧಿಯೇ ಇದು. ಪ್ರೀತಿಸುವುದು, ಉಗಿಸಿಕೊಳ್ಳುವುದು, ಒರೆಸಿಕೊಂಡು ಮತ್ತೆ ಪ್ರೀತಿಸುವುದು. ನನಗೆ ನಮ್ಮವರನ್ನು ಕಂಡರೂ ಅಸಹ್ಯ.

ಮಾರ್ಚ್ 3, ಭಾನುವಾರ

ಪ್ರಚಾರಕ್ಕೆಂದು ಒಂದು ಫೋಟೊ ಹೊರಗೆ ಬಿಟ್ಟಿದ್ದಾರೆ. ಶ್ಮುಲ್ಕ ಬಾಗಿಲ ಸಂದಿನಲ್ಲಿ ಇಣುಕುವುದು. ಬೆಳಿಗ್ಗೆಯಿಂದ ಪಕ್ಕದ ಮನೆಯವಳು ಮೂರು ಸಲ ಮೊಬೈಲು ಹಿಡಿದು ಬಂದಳು. ಜನ ಆ ಮೂಗನ್ನು ಕತ್ತರಿಸಿ ಎಲ್ಲೆಲ್ಲೋ ಮೆತ್ತುತ್ತಿದ್ದಾರೆ: ಯಾರೋ ವೈದ್ಯನಿಗೆ, ಯಾವನೋ ಫುಟ್‌ಬಾಲ್ ರೆಫರಿಗೆ, ಒಬ್ಬಳು ಶಾಲೆಯ ಟೀಚರಿಗೆ. ಕೆಳಗೆ ಬರೆದಿರುವುದನ್ನು ಓದಬಾರದಿತ್ತು, ಓದಿದೆ. ಅದೇ ಹಳೆಯ ಬೈಗುಳ, ಈಗ ನಗುವ ಮುಖದ ಚಿಹ್ನೆಗಳ ಸಮೇತ.

"ಎಷ್ಟು ತಮಾಷೆಯಾಗಿದೆ ಅಲ್ವೇನ್ರೀ? ಇದು ನೀವೇ ಮಾಡಿದ್ದಂತೆ!" ಅಂದಳು ಪಕ್ಕದವಳು. ಒಳ್ಳೆಯ ಹೆಂಗಸು, ಕಾಯಿಲೆ ಬಿದ್ದಾಗ ಸೂಪ್ ತಂದುಕೊಡುವವಳು.

"ಹೌದು, ನಾನೇ," ಅಂದೆ.

ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ನಿನ್ನೆಯ ಮೀನು ಸರಿಯಿರಲಿಲ್ಲ ಅಂತ ಕಾಣುತ್ತದೆ.

ಮಾರ್ಚ್ 6, ಬುಧವಾರ

ಸೆವಾ ಇವತ್ತು ಮಾತು ಕಡಿಮೆ. ಅಂಟು ಒಣಗುವಾಗ ತಾನಾಗೇ ಹೇಳಿದ:

"ಮೊನ್ನೆ ರಾತ್ರಿ ಕ್ಲಬ್ಬಲ್ಲಿ ಅಜ್ಜಿ ಜೋಕ್ ಶುರು ಮಾಡ್ದೆ. ಮೂರನೇ ಸಾಲಿಂದ ಯಾರೋ 'ಮೂಗು ಹಾಕ್ಕೊಂಡು ಬಾರೋ' ಅಂದ. ಎಲ್ರೂ ನಕ್ರು. ನಾನೂ ನಕ್ಕೆ."

"ಆಮೇಲೆ?"

"ಆಮೇಲೇನು? ಅಜ್ಜಿ ಜೋಕ್ ಮುಗಿಸ್ದೆ. ಮೊಟ್ಟೆ ಬೇಯ್ಸೋಕೆ ಬರ್ದೇ ಇದ್ದ ನಮ್ಮಜ್ಜಿ ಎದುರಿಗೆ ನಿಂತು ನೋಡ್ತಿರೋ ಹಾಗೆ ಆಯ್ತು."

ನಕ್ಷತ್ರ ಅಂಗಿಯೊಳಗೆ ಹೋಗಿದೆ. ಮಾತಾಡದೆ ಕೂತರೆ ನನ್ನ ಕೆಲಸ ಸಲೀಸು. ಇವತ್ತು ಮೂಗು ಬೇಗ ಕೂತಿತು.

ಮಾರ್ಚ್ 12, ಮಂಗಳವಾರ

ಮೇಣದ ಡಬ್ಬಿ ಈ ವಾರಕ್ಕೆ ಮುಗಿಯಬೇಕಿತ್ತು, ಇನ್ನೂ ಕಾಲುಭಾಗ ಉಳಿದಿದೆ. ಕೈಗೆ ಹಳೆಯ ಹದ ಮರಳಿದೆ, ಹಾಗಾಗಿ ಪೋಲಾಗುತ್ತಿಲ್ಲ.

ಮಾರ್ಚ್ 15, ಶುಕ್ರವಾರ

ಚಿತ್ರೀಕರಣವಿಲ್ಲ. ಹೊರಗೆ ಸೂರು ತೊಟ್ಟಿಕ್ಕುತ್ತಿದೆ. ಮನೆಯಲ್ಲಿ ಕೂತರೆ ಬೇಡದ್ದೆಲ್ಲ ನೆನಪಿಗೆ ಬರುತ್ತದೆ, ಬರೆದು ಮುಗಿಸಿಬಿಡುತ್ತೇನೆ.

ಸಾವಿರದ ಒಂಬೈನೂರ ಎಂಬತ್ತೊಂದು, ಜನವರಿ. ನನಗೆ ಇಪ್ಪತ್ತೆರಡು. ಪಾಸ್‌ಪೋರ್ಟಿನಲ್ಲಿ ಜನಾಂಗ ಬರೆಯುವ ಐದನೇ ಸಾಲಿನಲ್ಲಿ "ಯಹೂದಿ" ಎಂದು ಇದ್ದೇ ಇತ್ತು, ಆದರೆ ನಮ್ಮವರು ಹೇಳುವ ಹಾಗೆ, ಹೊಡೆಯುವವನು ಪಾಸ್‌ಪೋರ್ಟಿಗೆ ಹೊಡೆಯುವುದಿಲ್ಲ, ಮುಖಕ್ಕೆ ಹೊಡೆಯುತ್ತಾನೆ. ಟ್ರಾಮಿನಲ್ಲಿ, ಬ್ರೆಡ್ಡಿನ ಸಾಲಿನಲ್ಲಿ, ಸಾರ್ವಜನಿಕ ಸ್ನಾನದ ಮನೆಯಲ್ಲಿ, ಮೊದಲು ಮೂಗು ನೋಡಿ ಆಮೇಲೆ ನನ್ನನ್ನು ನೋಡುತ್ತಿದ್ದರು. ಮೂಗು ತಿದ್ದಿಸಿಕೊಳ್ಳಲು ಸೌಂದರ್ಯ ಚಿಕಿತ್ಸಾಲಯದಲ್ಲಿ ಹನ್ನೊಂದು ತಿಂಗಳು ಸರದಿ ಕಾದೆ. ಆ ವಾರ್ಡಿನಲ್ಲಿ ಆರು ಹುಡುಗಿಯರಿದ್ದೆವು. ಐದು ಜನ ನಮ್ಮವರೇ, ಆರನೆಯವಳು ಅರ್ಮೇನಿಯದವಳು. ಮುಖಕ್ಕೆಲ್ಲ ಬಿಳಿ ಪಟ್ಟಿ ಸುತ್ತಿಕೊಂಡು ಹರಟುತ್ತಿದ್ದೆವು, ಯಾರೂ ಯಾರಿಗೂ ಕಾರಣ ಹೇಳಲಿಲ್ಲ.

ಅಪ್ಪನಿಗೆ ಹೇಳಿರಲಿಲ್ಲ. ಅಪ್ಪ ಪಿಯಾನೊ ಶ್ರುತಿ ಮಾಡುವವನು. ಮನೆಮನೆಗೆ ಹೋಗಿ ಪಿಯಾನೊದೊಳಗೆ ತಲೆ ತೂರಿಸಿ, ಕಣ್ಣು ಮುಚ್ಚಿ, ತಂತಿಯ ಮಾತು ಕೇಳುತ್ತಿದ್ದ. ಅವನ ಮೂಗು, ನನ್ನ ಮೂಗು ಒಂದೇ. ನಡುವೆ ಸಣ್ಣ ಉಬ್ಬು, ತುದಿ ಎಡಕ್ಕೆ ಒಂದು ಕೂದಲಿನಷ್ಟು ವಾಲಿದ್ದು. ನಾನು ಎಳೆಯವಳಾಗಿದ್ದಾಗ ಅಪ್ಪನ ಆ ಉಬ್ಬಿನ ಮೇಲೆ ಬೆರಳಿಟ್ಟು ಜಾರುಬಂಡೆ ಆಡಿಸುತ್ತಿದ್ದೆ.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದು ಗಂಟೆ ಒತ್ತಿದೆ. ಅಪ್ಪ ಬಾಗಿಲು ತೆಗೆದ. ತುಂಬಾ ಹೊತ್ತು ನೋಡಿದ. ಆಮೇಲೆ ಹೇಳಿದ: "ಬನ್ನಿ ಒಳಗೆ. ಯಾರು ಬೇಕಾಗಿತ್ತು?"

ತಮಾಷೆ ಅಂದುಕೊಂಡೆ. ತಮಾಷೆಯಲ್ಲ. ಅಲ್ಲಿಂದ ಸಾಯುವವರೆಗೆ ನಾಲ್ಕು ವರ್ಷ ಅಪ್ಪ ನನ್ನನ್ನು ಪರಊರಿನ ನೆಂಟರನ್ನು ಮಾತಾಡಿಸಿದ ಹಾಗೆ ಬಹುವಚನದಲ್ಲೇ ಮಾತಾಡಿಸಿದ. "ಉಪ್ಪು ಕೊಡ್ತೀರಾ?" "ಬೆಚ್ಚಗೆ ಹೊದ್ಕೊಳ್ಳಿ." ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಳೆಯ ಫೋಟೊಗಳನ್ನೆಲ್ಲ ನಾನೇ ಹರಿದುಹಾಕಿದೆ. ಅದಕ್ಕಾಗಿ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ.

ಸಾಕು. ನಾಳೆ ಬೆಳಿಗ್ಗೆ ಆರಕ್ಕೆ ಕಾರು ಬರುತ್ತದೆ.

ಮಾರ್ಚ್ 21, ಗುರುವಾರ

ಇವತ್ತು ಮುಖ್ಯ ದೃಶ್ಯ. ಶ್ಮುಲ್ಕ ಕಿಟಕಿ ಹತ್ತಿರ ನಿಂತಿರುತ್ತಾನೆ, ಪೊಲೀಸರು ಬರುತ್ತಾರೆ, ಅಟ್ಟದ ಕಡೆ ಬೆರಳು ತೋರಿಸುತ್ತಾನೆ. ಪುಸ್ತಕದಲ್ಲಿ "ಹಲ್ಲು ಕಿರಿಯುತ್ತಾ" ಎಂದಿದೆ. ಸೆವಾ ಹಲ್ಲು ಕಿರಿಯಲಿಲ್ಲ, ಬಗ್ಗಲಿಲ್ಲ. ಅಧಿಕಾರಿಯ ಮುಖ ನೋಡಿದ, ಒಳಕೋಣೆಯಲ್ಲಿ ಮಲಗಿದ ತನ್ನ ಮಕ್ಕಳ ಕಡೆ ನೋಡಿದ, ಆಮೇಲೆ ಬೆರಳೆತ್ತಿದ. ಸೆಟ್ಟಿನಲ್ಲಿ ಯಾರೂ ನಗಲಿಲ್ಲ. ಚಹಾ ಕೊಡುವ ಹೆಂಗಸು ಏಪ್ರನ್ ತುದಿ ಎತ್ತಿ ಕಣ್ಣೊರೆಸಿಕೊಂಡಳು.

ಗ್ಲೆಬ್ ಗಡ್ಡ ಕೆರೆದುಕೊಂಡ. "ಇದೇನೋ ಬೇರೆ ತರ ಇದೆಯಲ್ಲೋ. ಇರ್ಲಿ, ಇರ್ಲಿ. ಚೆನ್ನಾಗಿದೆ."

ಸೆವಾ ಕುರ್ಚಿಗೆ ಬಂದು ಕೂತು ಹೇಳಿದ: "ಈಗೀಗ ಸುಲಭ ಆಗ್ತಿದೆ, ಯಾಕೋ. ಮೊದ್ಲು ಎದುರಿಗಿರೋರು ನನ್ನ ಮೂಗಿನ ಜೊತೆ ಮಾತಾಡ್ತಿದ್ರು. ಇವತ್ತು ನನ್ನ ಕಣ್ಣು ನೋಡಿ ಮಾತಾಡಿದ್ರು."

ಒಳ್ಳೆಯ ಹುಡುಗ. ಬೆನ್ನು ತಟ್ಟಿದೆ. ಅಭಿನಯ ಕಲಿಯುತ್ತಿದ್ದಾನೆ, ಬೇರೇನಿಲ್ಲ.

ಮಾರ್ಚ್ 26, ಮಂಗಳವಾರ

ಎಂಥಾ ದಿನ!

ಕಂಟಿನ್ಯೂಟಿ ನೋಡುವ ಜಿನಾ ಮಧ್ಯಾಹ್ನ ನನ್ನ ಕೋಣೆಗೆ ಬಂದಳು. ಯಾವ ದೃಶ್ಯದಲ್ಲಿ ಯಾರ ಗುಂಡಿ ಬಿಚ್ಚಿತ್ತು, ಲೋಟ ಎಷ್ಟು ತುಂಬಿತ್ತು ಎಂದು ದಿನದಿನವೂ ಫೋಟೊ ತೆಗೆದಿಡುವುದು ಅವಳ ಕೆಲಸ. ಪಾಪದ ಹುಡುಗಿ, ಕಿವಿಯವರೆಗೂ ಕೆಂಪಾಗಿದ್ದಳು. ಮೇಜಿನ ಮೇಲೆ ಹತ್ತೊಂಬತ್ತು ಫೋಟೊಗಳನ್ನು ಸಾಲಾಗಿ ಜೋಡಿಸಿದಳು. ಹತ್ತೊಂಬತ್ತು ದಿನದ ಚಿತ್ರೀಕರಣ, ಹತ್ತೊಂಬತ್ತು ಮೂಗು.

"ನಿನೆಲ್ ಅರ್ಕಾದ್ಯೆವ್ನಾ, ಬೇಜಾರ್ ಮಾಡ್ಕೋಬೇಡಿ... ಮೂಗು ಸವೀತಾ ಇದೆ."

"ನಿನ್ನ ತಲೆ ಸವೀತಾ ಇದೆ! ಮೂವತ್ತನಾಲ್ಕು ವರ್ಷದಲ್ಲಿ ನನ್ನ ಕೆಲ್ಸದಲ್ಲಿ ಒಂದು ಕೂದಲು ಆಚೀಚೆ ಆಗಿಲ್ಲ!"

"ಸ್ಕೇಲ್ ಇಟ್ಟು ಅಳೆದಿದೀನಿ," ಅಂದಳು ಅಳುಮುಖ ಮಾಡಿ.

ನೋಡಿದೆ. ಮೊದಲನೆಯದರಲ್ಲಿ ತುಟಿಗೆ ತಾಗುವ ಆ ಕೊಕ್ಕು. ಐದನೆಯದರಲ್ಲಿ ತುಟಿ ಬಿಟ್ಟು ಮೇಲೆದ್ದಿದೆ. ಹತ್ತನೆಯದರಲ್ಲಿ ನಡು ತೆಳ್ಳಗಾಗಿದೆ. ಪ್ರತಿದಿನ ಒಂದು ಚಿಟಿಕೆ ಕಡಿಮೆ, ಒಂದೇ ಒಂದು ಚಿಟಿಕೆ. ಪಕ್ಕಪಕ್ಕದ ಎರಡನ್ನು ನೋಡಿದರೆ ವ್ಯತ್ಯಾಸವೇ ಇಲ್ಲ. ಮೊದಲನೆಯದನ್ನೂ ಕೊನೆಯದನ್ನೂ ನೋಡಿದರೆ ಅವನು ಬೇರೆ, ಇವನು ಬೇರೆ. ಕೊನೆಯದರಲ್ಲಿ ನಡುವೆ ಸಣ್ಣ ಉಬ್ಬು, ತುದಿ ಎಡಕ್ಕೆ ಒಂದು ಕೂದಲಿನಷ್ಟು ವಾಲಿದ್ದು.

ಆಣೆ ಮಾಡಿ ಬರೆಯುತ್ತೇನೆ, ನನಗೆ ಗೊತ್ತಿರಲಿಲ್ಲ.

ಗ್ಲೆಬ್ ಬಂದ. ಕೂಗಾಡಿದ. ಅಚ್ಚು ಬೇಡ, ಕೈಯಲ್ಲೇ ಆಗಬೇಕು ಅಂದವನು ಅವನೇ, ಅದು ಈಗ ಅವನಿಗೆ ನೆನಪಿಲ್ಲ. ಆಮೇಲೆ ಬಾಗಿಲು ಮುಚ್ಚಿ, ಬೆಣ್ಣೆಯಂಥ ದನಿಯಲ್ಲಿ ಹೇಳಿದ:

"ನೋಡಿ, ನೀವು ನಂಗೆ ತಾಯಿ ಸಮಾನ. ಒಂದು ವಿವರಣಾ ಪತ್ರ ಬರ್ದುಕೊಡಿ. ಮೇಣ ಕೆಟ್ಟದಿತ್ತು, ಶಾಖಕ್ಕೆ ಕುಗ್ತು ಅಂತ. ಮತ್ತೆ ತೆಗೆಯೋ ಖರ್ಚನ್ನ ವಿಮೆಯೋರು ಒಪ್ಕೋತಾರೆ. ಶುಕ್ರವಾರ ಮೊದಲನೇ ದಿನದ ಮೂಗೇ ಹಾಕಿ, ಮೂಗು ಚಿಕ್ಕದಾಗಿ ಬಿದ್ದಿರೋ ಐದು ದೃಶ್ಯ ಮತ್ತೆ ತೆಗೆಯೋಣ. ಬೆರಳು ತೋರ್ಸೋ ದೃಶ್ಯಾನೂ. ಹಲ್ಲು ಕಿರೀತಾನೇ ತೋರಿಸ್ಲಿ. ಮುಗೀತು. ಶರತ್ಕಾಲದಲ್ಲಿ ನೀವು ಶಾಲೆಯಲ್ಲಿ ಟೀಚರು."

"ಬರೀದಿದ್ರೆ?"

"ಯಾಕೆ ಬರಿಯಲ್ಲ? ಮೇಣ ತಾನೇ?"

ಸಂಜೆ ಸೆವಾನ ಮೂಗು ತೆಗೆದೆ. ಮೇಣದ ಮೂಗನ್ನು ಕೀಳುವುದಲ್ಲ. ಹುಬ್ಬಿನ ನಡುವಿನಿಂದ ರೇಷ್ಮೆ ದಾರ ಹಿಡಿದು ಚರ್ಮದ ಗುಂಟ ಕೆಳಕ್ಕೆ ಎಳೆಯಬೇಕು, ಆಗ ಇಡಿಯಾಗಿ ಕೈಗೆ ಬರುತ್ತದೆ. ದಿನಾ ಅದನ್ನು ಮತ್ತೆ ಮುದ್ದೆ ಮಾಡಿ ಡಬ್ಬಿಗೆ ಹಾಕುತ್ತಿದ್ದೆ. ಇವತ್ತು ಹಾಕಲಿಲ್ಲ.

"ಶುಕ್ರವಾರ ನಂಗೆ ಹಳೇದೇ ಹಾಕ್ತೀರಾ?" ಕೇಳಿದ ಸೆವಾ. ಮಿಠಾಯಿ ಡಬ್ಬಿಯಲ್ಲಿ ಹತ್ತಿ ಹಾಸಿ ಮೂಗನ್ನು ಅದರೊಳಗಿಟ್ಟುಕೊಂಡು ಮನೆಗೆ ತಂದಿದ್ದೇನೆ. ಈಗ ಮೇಜಿನ ಮೇಲಿದೆ. ಮುಚ್ಚಳ ತೆಗೆಯಲು ಭಯವಾಗುತ್ತದೆ.

ಮಾರ್ಚ್ 27, ಬುಧವಾರ

ಬೆಳಿಗ್ಗೆಯೇ ರಿವಾ ಅತ್ತೆಯ ಮನೆಗೆ ಹೋದೆ. ಅವಳ ಮುಂದೆ ಡಬ್ಬಿ ಇಟ್ಟೆ.

"ಏನೇ ಇದು? ಮಿಠಾಯಿ ತಿನ್ನೋಕೆ ನಂಗೆಲ್ಲಿದೆ ಹಲ್ಲು?"

"ಮುಟ್ಟಿ ನೋಡು. ಮೆತ್ತಗೆ, ಒತ್ಬೇಡ."

ಎರಡು ಬೆರಳಿನಿಂದ ಎತ್ತಿಕೊಂಡಳು. ಮೇಲಿನಿಂದ ಕೆಳಕ್ಕೆ ಸವರಿದಳು. ಉಬ್ಬಿನ ಮೇಲೆ ಬೆರಳು ನಿಂತಿತು. ಇನ್ನೊಂದು ಸಲ ಸವರಿದಳು, ತುದಿಯವರೆಗೆ, ಎಡಕ್ಕೆ ವಾಲಿದ ಕಡೆಗೆ.

"ಆರೊನ್ಚಿಕ್," ಅಂದಳು. ಅಪ್ಪನನ್ನು ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ. "ನಮ್ಮ ಆರೊನ್ಚಿಕ್ ಕಣೇ ಇದು. ಎಲ್ಲಿ ಸಿಕ್ಕಿದ ನಿಂಗೆ?"

ಎಲ್ಲ ಹೇಳಿದೆ. ಫೋಟೊಗಳ ಕಥೆ, ಪತ್ರದ ಕಥೆ, ಶಾಲೆಯ ಕಥೆ. ಅತ್ತೆ ಮೂಗನ್ನು ಅಂಗೈಯಲ್ಲೇ ಇಟ್ಟುಕೊಂಡು ಕೇಳಿದಳು. ಬುದ್ಧಿ ಹೇಳುತ್ತಾಳೆ ಅಂದುಕೊಂಡೆ. ಹೇಳಲಿಲ್ಲ.

"ಹಾಕ್ಕೋ," ಅಂದಳು.

"ಏನು?"

"ಕಿವಿ ಕೇಳಲ್ವೇನೇ? ಹಾಕ್ಕೋ ಅಂದೆ."

ಅಂಟು ತಂದಿರಲಿಲ್ಲ. ಬೆಚ್ಚಗಿನ ಚಹಾದ ಲೋಟಕ್ಕೆ ಹಿಡಿದು ಒಳಭಾಗ ಮೆತ್ತಗೆ ಮಾಡಿದೆ, ನನ್ನ ನೇರ, ಸಣ್ಣ, ನೀಟಾದ ಮೂಗಿನ ಮೇಲೆ ಒತ್ತಿಕೊಂಡೆ. ಆ ಮನೆಯಲ್ಲಿ ಕನ್ನಡಿ ತೆಗೆಸಿ ವರ್ಷಗಳಾಗಿವೆ, ಕುರುಡಿಗೆ ಕನ್ನಡಿ ಯಾತಕ್ಕೆ. ನಾನು ನೋಡಿಕೊಳ್ಳಲಿಲ್ಲ. ಅತ್ತೆಯ ಮುಂದೆ ಮಂಡಿಯೂರಿ ಕೂತೆ. ಅವಳು ಎಂದಿನಂತೆ ಸವರಿದಳು. ಹಣೆ, ಕೆನ್ನೆ, ಗಲ್ಲ. ಈ ಸಲ ಬೆರಳು ಹಿಂದಕ್ಕೆ ಹೋಗಲಿಲ್ಲ.

"ಬಂದ್ಯಾ?" ಅಂದಳು. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೇ?"

ನನಗೆ ಅಳು ಬಂತು ಎಂದು ಬರೆಯುವುದಿಲ್ಲ. ಕಣ್ಣೀರು ಬಿದ್ದರೆ ಮೇಣ ಕೆಡುತ್ತದೆ ಎಂದು ತಲೆ ಹಿಂದಕ್ಕೆ ಹಾಕಿಕೊಂಡಿದ್ದೆ, ಅಷ್ಟೇ.

ಮಾರ್ಚ್ 29, ಶುಕ್ರವಾರ

ಬೆಳಿಗ್ಗೆ ಹೋಗಿ ಪತ್ರ ಕೊಟ್ಟು ಬಂದೆ. ಕಚೇರಿಯ ಹುಡುಗಿ ಓದಲೂ ಇಲ್ಲ, ಕೆಳಗಿನ ಸಹಿ ಮಾತ್ರ ನೋಡಿ "ಇಲ್ಲಿ ತಪ್ಪಾಗಿದೆ, ನಿಮ್ಮ ಹೆಸ್ರು ಇದಲ್ವಲ್ಲ?" ಅಂದಳು. ಪಾಸ್‌ಪೋರ್ಟ್ ತೋರಿಸಿದೆ. ಮೊಹರು ಒತ್ತಿದಳು. ಗ್ಲೆಬ್ ಬೇರೆ ಯಾರನ್ನೋ ಕರೆಸಿ ಸಿಲಿಕೋನ್ ಮೂಗು ಮಾಡಿಸುತ್ತಾನಂತೆ. ಆ ಹೊಸಬರ ಕುರ್ಚಿಯಲ್ಲಿ ಸೆವಾ ಕೂರುತ್ತಾನೋ ಎದ್ದು ಬರುತ್ತಾನೋ, ಅದು ಅವನ ಮೂಗು, ಅವನಿಗೆ ಬಿಟ್ಟದ್ದು. ಶಾಲೆ ಹೋಯಿತು. ಆದರೆ ತಿಂಗಳಿಂದ ಮೊದಲ ಸಲ ಬಡಿಸಿಕೊಂಡ ಸೂಪು ಪೂರ್ತಿ ಕುಡಿದೆ.

ಪತ್ರದ ನಕಲು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

"ವಿವರಣಾ ಪತ್ರ. ಶ್ಮುಲ್ಕನ ಪಾತ್ರದ ಮೂಗು ಹತ್ತೊಂಬತ್ತು ದಿನಗಳಲ್ಲಿ ಅರ್ಧಕ್ಕಿಂತ ಕಡಿಮೆಯಾಗಿರುವುದು ನಿಜ. ನಾನು ಬೇಕೆಂದು ಮಾಡಿದ್ದಲ್ಲ. ಗೊತ್ತಾದ ಮೇಲೆ ಸರಿಪಡಿಸುವ ಇಷ್ಟವೂ ನನಗಿಲ್ಲ. ಮೊದಲ ದಿನದ ಮೂಗು ಯಾರದ್ದೂ ಅಲ್ಲ. ಅರವತ್ತು ವರ್ಷ ನಮ್ಮವರ ನಡುವೆ ಬದುಕಿದ್ದೇನೆ, ಅಂಥ ಮೂಗಿನವರನ್ನು ಒಬ್ಬರನ್ನೂ ನೋಡಿಲ್ಲ. ಕೊನೆಯ ದಿನದ ಮೂಗು ಪಿಯಾನೊ ಶ್ರುತಿ ಮಾಡುತ್ತಿದ್ದ ಆರೊನ್ ಗಿಂಡಿನ್ ಅವರದು. ಅದನ್ನು ಮತ್ತೆ ಹಾಳುಮಾಡಲು ನನ್ನ ಕೈ ಬರುವುದಿಲ್ಲ, ಒಂದು ಸಲ ಮಾಡಿಸಿದ್ದೇ ಸಾಕು. ಮೇಣದಲ್ಲಿ ಯಾವ ದೋಷವೂ ಇರಲಿಲ್ಲ.

ನಿನೆಲ್ ಆರೊನೊವ್ನಾ ಗಿಂಡಿನಾ."